ಹಿಂದಿನಿಂದ ದಾಟುವವಳು

ಟೀವಿಯಲ್ಲಿ ಹಿಂದೆ ನಿಲ್ಲುವುದು ಸುಲಭ ಎಂದು ತಿಳಿದವರನ್ನೆಲ್ಲ ಒಂದು ದಿನ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಅನ್ನಿಸುತ್ತದೆ ನನಗೆ. ಜೊಹಾನ್ಸ್‌ಬರ್ಗಿನ ಸ್ಟುಡಿಯೋಗಳಲ್ಲಿ ಹತ್ತೊಂಬತ್ತು ವರ್ಷದಿಂದ ಹಿಂದೆ ನಿಂತು, ಹಿಂದೆ ಕೂತು, ಹಿಂದಿನಿಂದ ದಾಟಿ ಹೊಟ್ಟೆ ಹೊರೆದುಕೊಂಡವಳು ನಾನು, ಸೆಲಿನಾ. ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೇನೆ, ಆಸ್ಪತ್ರೆಯ ಬೆಂಚಿನ ಮೇಲೆ ನರಳಿದ್ದೇನೆ, ಬಾರಿನಲ್ಲಿ ಕೂತು ಬಿಯರ್ ಕುಡಿದಿದ್ದೇನೆ. ಆ ಬಿಯರ್ ಅಂದರೆ ಆರಿದ ಕೆಂಪು ಟೀ. ಮುಂದಿರುವವರು ಮಾತಾಡುವಾಗ ಹಿಂದಿರುವ ನಾವು ತುಟಿ ಅಲ್ಲಾಡಿಸಬೇಕು, ಸದ್ದು ಬರಬಾರದು. ನಗಬೇಕು, ಕೇಳಿಸಬಾರದು. ಅಲ್ಲಿರಬೇಕು, ಯಾರ ಕಣ್ಣಿಗೂ ಬೀಳಬಾರದು. ಇದಕ್ಕೂ ಕಸುಬು ಬೇಕು ಸ್ವಾಮಿ.

ಇನ್ನೊಂದು ಕಾಟವಿದೆ. ಒಂದೇ ಪ್ರಸಂಗವನ್ನು ಮೊದಲು ದೂರದಿಂದ ದೊಡ್ಡ ಶಾಟ್ ತೆಗೆಯುತ್ತಾರೆ, ಆಮೇಲೆ ಹತ್ತಿರದಿಂದ, ಆ ಮಗ್ಗುಲಿಂದ, ಈ ಮಗ್ಗುಲಿಂದ. ದೊಡ್ಡ ಶಾಟಿನಲ್ಲಿ ನೀವು ಏನು ಮಾಡಿದಿರೋ ಉಳಿದೆಲ್ಲದರಲ್ಲೂ ಅದನ್ನೇ ಮಾಡಬೇಕು. ಇಲ್ಲದಿದ್ದರೆ ಜೋಡಿಸುವಾಗ ಹೊಂದುವುದಿಲ್ಲ. ಅದನ್ನು ನೋಡಿಕೊಳ್ಳಲಿಕ್ಕೇ ಕಂಟಿನ್ಯುಟಿಯ ಹುಡುಗಿ ಒಬ್ಬಳಿರುತ್ತಾಳೆ, ಕೈಯಲ್ಲಿ ಫೋಟೋ ಹಿಡಿದು. ಒಂದು ಸಲ ನಾನು ದೊಡ್ಡ ಶಾಟಿನಲ್ಲಿ ಮರೆತು ಮೂಗು ಕೆರೆದುಕೊಂಡೆ. ಅವತ್ತು ಸಂಜೆಯ ತನಕ ಒಂಬತ್ತು ಸಲ ಅದೇ ಮೂಗು ಕೆರೆಸಿದರು. ಮನೆಗೆ ಹೋಗುವಾಗ ಮೂಗು ಟೊಮೆಟೊ ಆಗಿತ್ತು.

ಅವಶೋನಿ ನನ್ನ ಹಿತ್ತಲ ಕೋಣೆಗೆ ಬಂದದ್ದು ಹೋದ ಜನವರಿಯಲ್ಲಿ. ನಾನಿರುವುದು ಸೊವೆಟೊದ ಚಿಯವೆಲೊದಲ್ಲಿ. ನಮ್ಮ ವೆಂಡಾ ಜನ ಊರು ಬಿಟ್ಟು ಬಂದರೆ ಮೊದಲು ಗಂಟು ಇಳಿಸುವುದು ಇಲ್ಲೇ. ಇಪ್ಪತ್ತೆರಡರ ಹುಡುಗಿ, ಮುಟಾಲೆ ಹೊಳೆಯ ಆಚೆಯ ಹಳ್ಳಿಯವಳು, ನನ್ನ ತವರಿನಿಂದ ಎರಡೇ ಗುಡ್ಡ ದೂರ. ಅವಳ ಹೆಸರಿನ ಅರ್ಥ ‘ಅವರಿಗೆ ನಾಚಿಕೆಯಿಲ್ಲ’. ನಮ್ಮಲ್ಲಿ ಎಷ್ಟೋ ಸಲ ಮಗುವಿಗೆ ಹೆಸರಿಡುವುದೇ ಬೇಲಿಯಾಚೆಯವರಿಗೆ ಮಾತು ಮುಟ್ಟಿಸಲಿಕ್ಕೆ. ಇವಳು ಹುಟ್ಟಿದಾಗ ಪಕ್ಕದ ಮನೆಯವರು ಇವಳ ತಾಯಿಯ ಬಗ್ಗೆ ಇಲ್ಲದ್ದು ಹಬ್ಬಿಸಿದ್ದರಂತೆ. ಸೋದರತ್ತೆ ಮಸಿಂದಿ ಮಗುವಿಗೆ ಈ ಹೆಸರಿಟ್ಟು, ದಿನಾ ಬೆಳಗ್ಗೆ ಬೇಲಿಯ ಹತ್ತಿರ ನಿಂತು ಗಂಟಲು ಹರಿಯುವ ಹಾಗೆ ‘ಅವಶೋನೀ’ ಎಂದು ಕರೆಯುತ್ತಿದ್ದಳು. ಮಗು ತೊಟ್ಟಿಲಲ್ಲೇ ಇರುತ್ತಿತ್ತು.

ತಾಯಿ ಬೇಗ ತೀರಿಕೊಂಡಳು, ತಂದೆ ಬೇರೆ ಸಂಸಾರ ಹೂಡಿದ. ಸಾಕಿದ್ದು ಆ ಅತ್ತೆಯೇ. ನಮ್ಮಲ್ಲಿ ಸೋದರತ್ತೆ ಎಂದರೆ ಸುಮ್ಮನೆ ಅಲ್ಲ. ಸುಗ್ಗಿ ಮುಗಿದ ಮೇಲೆ ಹಿರಿಯರಿಗೆ ರಾಗಿಯ ನೀರು ಹೊಯ್ಯುವವಳು ಅವಳೇ. ಹೊಯ್ಯುತ್ತಾ ಮನೆಯ ಮಕ್ಕಳ ಹೆಸರನ್ನೆಲ್ಲ ಒಂದೊಂದಾಗಿ ಹಿರಿಯರ ಕಿವಿಗೆ ಹಾಕುವವಳೂ ಅವಳೇ. ಹೆಸರು ಬಾರದ ಮಗುವನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಆ ವರ್ಷ ಆ ಮಗು ಆ ಮನೆಯದಲ್ಲ, ಅಷ್ಟೇ.

ಮೊದಲ ದಿನ ಹುಡುಗಿಯನ್ನು ಕೆಲಸಕ್ಕೆ ಕರೆದೊಯ್ದಾಗ ಹೇಳಿದ್ದೆ: ಮೂರು ಜೊತೆ ಬಟ್ಟೆ ತಾ, ಬಿಳಿ ಬೇಡ, ಕೆಂಪು ಬೇಡ, ಪಟ್ಟೆ ಬೇಡವೇ ಬೇಡ. ಅದೆಲ್ಲ ಸರಿಯಾಗಿ ತಂದಳು. ಹೇಳಲು ಮರೆತದ್ದು ಒಂದೇ. ನಾವು ಕಾಯುವ ಟೆಂಟಿನಲ್ಲಿ ನಲವತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತೂಕಡಿಸುತ್ತಿದ್ದರು. ಇವಳು ಒಳಗೆ ಬಂದವಳೇ ವಯಸ್ಸಾದವರು ಕಂಡಲ್ಲೆಲ್ಲ ಲೋಶಾ ಮಾಡತೊಡಗಿದಳು. ಲೋಶಾ ಎಂದರೆ ನಮ್ಮ ಹೆಂಗಸರ ನಮಸ್ಕಾರ: ಮಂಡಿಯೂರಿ, ಅಂಗೈ ಜೋಡಿಸಿ, ತೀರಾ ಹಿರಿಯರಾದರೆ ನೆಲಕ್ಕೆ ಒಂದು ಮಗ್ಗುಲು ಒರಗಿ, ‘ಆಆ’ ಎನ್ನುವುದು. ಹಿಂದೆ ನಿಲ್ಲುವ ನಮ್ಮನ್ನೆಲ್ಲ ಮೇಯಿಸುವ ಮೇಸ್ತ್ರಿ ಒತ್ಸಿಲೆ ಹೆಸರಿನ ಪಟ್ಟಿ ಹಿಡಿದು ನೋಡುತ್ತಾ ನಿಂತ.

“ಇದು ಚರ್ಚಲ್ಲ ತಂಗಿ,” ಎಂದ. “ಹೀಗೆ ಎಲ್ಲರಿಗೂ ಅಡ್ಡ ಬೀಳ್ತಾ ಹೋದ್ರೆ ನೀನು ಕ್ಯಾಮೆರಾ ಹತ್ರ ಬರೋಷ್ಟರಲ್ಲಿ ಧಾರಾವಾಹಿನೇ ಮುಗ್ದಿರುತ್ತೆ.”

ಟೆಂಟಿಗೆ ಟೆಂಟೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅವಳೂ ನಕ್ಕು, ಎದ್ದು, ಮಣ್ಣು ಕೊಡವಿಕೊಂಡು, ಉಳಿದಿದ್ದ ಇಬ್ಬರು ಮುದುಕಿಯರಿಗೂ ಮಾಡಿ ಮುಗಿಸಿಯೇ ಕೂತಳು.

ಹುಡುಗಿ ಕೆಲಸ ಕಲಿತ ಬಗೆಯನ್ನು ನೋಡಬೇಕಿತ್ತು. ಬೇರೆ ಹೊಸಬರು ಮೊದಲ ವಾರ ಕ್ಯಾಮೆರಾದ ಕಡೆಗೆ ಮುಖ ತಿರುಗಿಸಿ ತಿರುಗಿಸಿ ಬೈಸಿಕೊಳ್ಳುತ್ತಾರೆ. ಇವಳು ಮುಖದ ಕಡೆ ಗಮನವನ್ನೇ ಕೊಡಲಿಲ್ಲ, ಕಾಲಿನ ಕಡೆ ಕೊಟ್ಟಳು. ತಟ್ಟೆಯಲ್ಲಿ ಐದು ಕಪ್ಪು ಇಟ್ಟುಕೊಂಡು ಅಡಿಗೆಮನೆಯ ಬಾಗಿಲಿಂದ ಜಗಲಿಗೆ ಹೋಗು ಎಂದರೆ, ಆರು ಸಲ ತೆಗೆದರೆ ಆರೂ ಸಲ ಹದಿನಾಲ್ಕೇ ಹೆಜ್ಜೆ. ಒಂದು ಕಪ್ಪೂ ಟಿಣ್ ಎನ್ನುತ್ತಿರಲಿಲ್ಲ. ತುಟಿ ಅಲ್ಲಾಡಿಸುವಾಗ ನಾವೆಲ್ಲ ಒಂದು ಎರಡು ಮೂರು ಎಂದು ಎಣಿಸುತ್ತಿದ್ದರೆ ಇವಳು ಸದ್ದಿಲ್ಲದೆ ನಿಜವಾದ ಮಾತೇ ಆಡುತ್ತಿದ್ದಳು. ಒಂದು ದಿನ ಬಾರಿನ ಪ್ರಸಂಗದಲ್ಲಿ ನನ್ನೆದುರು ಕೂತು ಅತ್ತೆಯ ಮೇಕೆಗಳ ಸುದ್ದಿಯನ್ನೆಲ್ಲ ತುಟಿಯಲ್ಲೇ ಹೇಳಿದಳು. ನನಗೆ ಅರ್ಧ ತಿಳಿಯಿತು, ಉಳಿದರ್ಧ ಟ್ಯಾಕ್ಸಿಯಲ್ಲಿ ಕೇಳಿದೆ.

ಎರಡನೇ ತಿಂಗಳಿಗೇ ಏಳೂವರೆಯ ಧಾರಾವಾಹಿಯಲ್ಲಿ ದೊಡ್ಡಮನೆಯ ಕೆಲಸದವಳಾಗಿ ಅವಳನ್ನು ಕಾಯಂ ಮಾಡಿದರು. ಮಾತಿಲ್ಲ, ಹೆಸರಿಲ್ಲ. ಆ ಮನೆಯ ಯಜಮಾನಿಯ ಕುರ್ಚಿಯ ಹಿಂದಿನಿಂದ ತಟ್ಟೆ ಹಿಡಿದು ದಾಟಬೇಕು, ವಾರಕ್ಕೆ ನಾಲ್ಕು ದಿನ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಟ್ಟವಿಲ್ಲ. ನನಗೆ ಹನ್ನೊಂದು ವರ್ಷ ಹಿಡಿದಿತ್ತು. ಹೊಟ್ಟೆಕಿಚ್ಚು ಪಟ್ಟೆನೇ? ಪಟ್ಟೆ. ಎರಡು ದಿನ.

ಯಜಮಾನಿಯ ವೇಷ ಮಾಡುತ್ತಿದ್ದವರು ಮಾಶಂಗೆ. ಎಪ್ಪತ್ತು ದಾಟಿದ ಜುಲು ಹೆಂಗಸು, ಇಡೀ ದೇಶಕ್ಕೆ ಗೊತ್ತಿರುವ ಮುಖ. ಸೆಟ್ಟಿನಲ್ಲಿ ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಬೆಳಗ್ಗೆ ಅವರು ಮೇಕಪ್ಪಿಗೆ ಹೋಗುವ ಓಣಿಯಲ್ಲಿ ಅವಶೋನಿ ದಿನವೂ ಮಂಡಿಯೂರುತ್ತಿದ್ದಳು. ಅವರು ಗಡಿಬಿಡಿಯಲ್ಲಿ ತಲೆಯಾಡಿಸಿ ಹೋಗುತ್ತಿದ್ದರು. ಅದು ಕ್ಯಾಮೆರಾ ಇಲ್ಲದ ಜಾಗ. ಊರಿನವರು ನೋಡುತ್ತಿದ್ದದ್ದು ಕ್ಯಾಮೆರಾ ಇದ್ದ ಜಾಗವನ್ನು.

ಮಾರ್ಚ್ ಕೊನೆಯ ಒಂದು ಸಂಜೆ ಹಳ್ಳಿಯಲ್ಲಿ ಅರ್ಧ ಕೇರಿ ಟೀವಿಯ ಮುಂದೆ ಸೇರಿತ್ತಂತೆ, ನಮ್ಮ ಹುಡುಗಿ ಬರುತ್ತಾಳೆ ಎಂದು. ಬಂದಳು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಆಮೇಲೆ ಅವಳು ಮಂಡಿಯೂರದೆ, ಕೂತಿದ್ದ ಯಜಮಾನಿಯ ಬೆನ್ನ ಹಿಂದೆ ನೆಟ್ಟಗೆ ನಡೆದು ದಾಟಿ ಹೋದಳು. ಕೇಕೆ ಅಲ್ಲೇ ನಿಂತಿತು. ಮರುದಿನ ಅತ್ತೆಯ ಫೋನು ಬಂದಾಗ ನಾನು ಪಕ್ಕದಲ್ಲೇ ಸೊಪ್ಪು ಹೆಚ್ಚುತ್ತಿದ್ದೆ. ಮಸಿಂದಿಯ ಗಂಟಲಿಗೆ ಸ್ಪೀಕರ್ ಬೇಕಾಗಿಲ್ಲ.

“ತಲೆ ನರೆತ ಹೆಂಗಸು ಕೂತಿದ್ಲು. ನೀನು ಅವಳ ಹಿಂದೆ ಮೇಕೆ ಹೋದ ಹಾಗೆ ಹೋದೆ.”

“ಅತ್ತೆ, ಅದು ಆಟ. ಅವ್ರು ಹೇಳಿದ ಹಾಗೆ ನಡೀಬೇಕು.”

“ಆಟ ಅಂತ ನಂಗೂ ಗೊತ್ತು ಕಣೇ, ನಾನೇನು ಪೆದ್ದಿ ಅಲ್ಲ. ಆ ಮನೆ ಸುಳ್ಳು. ಆ ಗಂಡ ಸುಳ್ಳು, ಹೋದ ವರ್ಷ ಬೇರೆ ಧಾರಾವಾಹೀಲಿ ಪೊಲೀಸ್ ಆಗಿದ್ದ. ಆ ಹೆಂಗಸಿನ ವಯಸ್ಸು ಸುಳ್ಳಾ?”

“ಇಲ್ಲ.”

“ನಿನ್ನ ಮಂಡಿ ಸುಳ್ಳಾ?”

ಅವಶೋನಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಇವತ್ತು ಬೆಳಗ್ಗೆ ಪಕ್ಕದ ಮನೆಯವಳು ಬೇಲಿ ಹತ್ರ ಬಂದು ನಿಂತ್ಲು. ನಿನ್ನ ಹೆಸರು ಕೂಗಿದ್ಲು. ಜೋರಾಗಿ. ಇಪ್ಪತ್ತೆರಡು ವರ್ಷ ನಾನು ಅವಳ ಮುಖಕ್ಕೆ ಎಸೆದಿದ್ದನ್ನ ನನ್ನ ಮುಖಕ್ಕೇ ಎಸೆದ್ಲು. ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ.” ಮಸಿಂದಿಯ ದನಿ ಇಳಿಯಿತು. “ಸುಗ್ಗಿ ಕಳೆದು ನೀರು ಹೊಯ್ಯೋ ದಿನ ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ಹಿರಿಯರು ಯಾರಿವಳು ಅಂತ ಕೇಳಿದ್ರೆ ನಾನೇನು ಹೇಳ್ಲಿ?”

ಫೋನು ಕಟ್ಟಾಯಿತು. ಆಮೇಲೆ ಭಾನುವಾರಕ್ಕೊಂದು ಸಲ ಹುಡುಗಿ ಫೋನು ಹಚ್ಚುತ್ತಿದ್ದಳು. ಅಲ್ಲಿ ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತಿತ್ತು.

ನಾನು ಬುದ್ಧಿ ಹೇಳಿದೆ. “ತಲೆ ಕೆಡಿಸ್ಕೋಬೇಡ. ಹಳ್ಳಿ ಮುದುಕಿ, ನಾಳೆ ಮರೀತಾಳೆ.” ಹೇಳುವಾಗಲೇ ನನ್ನ ಮಾತು ನನಗೆ ಹಿಡಿಸಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಎಷ್ಟು ನರೆತ ತಲೆಗಳ ಹಿಂದೆ ನೆಟ್ಟಗೆ ನಡೆದಿದ್ದೇನೋ! ನನ್ನ ತವರಿನಲ್ಲಿ ನನಗಾಗಿ ನಾಚಿ ಹೀಗೆ ಬಾಗಿಲು ಹಾಕಿಕೊಳ್ಳುವವರು ಯಾರೂ ಉಳಿದಿರಲಿಲ್ಲ, ಅದಕ್ಕೆ ನನಗೆ ಯಾರೂ ಹೇಳಲಿಲ್ಲ. ಈಗ ನಾನು ಎಲ್ಲರಿಗೂ ಕೈ ಕುಲುಕುತ್ತೇನೆ, ಊರಿನ ಮುದುಕರಿಗೂ. ಇದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ, ಆದರೆ ಯಾರ ಮೇಲೆ ಸಿಟ್ಟು ಮಾಡುವುದು?

ಅವಳು ಒತ್ಸಿಲೆಯನ್ನೂ ಕೇಳಿದಳು. “ಅಣ್ಣ, ದಾಟುವಾಗ ಒಂದು ಸಲ ಮಂಡಿಯೂರಿ ಹೋಗ್ಲಾ? ಸದ್ದು ಮಾಡಲ್ಲ.”

“ಹುಚ್ಚಾ ನಿಂಗೆ? ಹಿಂದಿರೋರು ಬಗ್ಗಿದ್ರೆ ನೋಡೋರ ಕಣ್ಣು ಅಲ್ಲಿಗೇ ಹೋಗುತ್ತೆ. ಅದೂ ಅಲ್ದೆ ಅದು ಜುಲು ಮನೆ. ಅಲ್ಲಿ ವೆಂಡಾ ಹುಡುಗಿ ಯಾಕೆ ಬಂದ್ಲು, ಹೇಗೆ ಬಂದ್ಲು ಅಂತ ಜನ ಕೇಳ್ತಾರೆ. ಕತೆ ಬರೆಯೋರು ನನ್ನ ಚರ್ಮ ಸುಲೀತಾರೆ. ಸುಮ್ನೆ ದಾಟು ತಾಯಿ.”

ಸುಮ್ಮನೆ ದಾಟಿದಳು. ಏಪ್ರಿಲ್, ಮೇ, ಜೂನ್. ಮನೆಗೆ ಬಂದರೆ ಮೆಕ್ಕೆಜೋಳದ ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದಳು. ಅತ್ತೆಯನ್ನು ಒಂದು ಮಾತು ಬೈಯಲಿಲ್ಲ, ಕೆಲಸವನ್ನೂ ಬೈಯಲಿಲ್ಲ. ನೀರು ಹೊಯ್ಯುವ ದಿನ ಸೆಪ್ಟೆಂಬರ್ ಮೊದಲ ವಾರ ಎಂದು ಮಾತ್ರ ಒಂದು ಸಲ ಹೇಳಿದಳು, ನಾನು ಕೇಳದಿದ್ದರೂ.

ಜುಲೈಯಲ್ಲಿ ಹಲ್ಲು ಕಟಕಟ ಎನ್ನುವ ಒಂದು ಬೆಳಗ್ಗೆ ದೊಡ್ಡ ಪ್ರಸಂಗವಿತ್ತು. ಯಜಮಾನಿಯ ಒಬ್ಬನೇ ಮಗ ಸತ್ತ ಸುದ್ದಿ ಬರುವುದು. ನಾನೂ ಇದ್ದೆ, ಮೂಲೆಯ ಚಾಪೆಯ ಮೇಲೆ ಕೂತ ನೆರೆಮನೆಯವಳಾಗಿ. ಮಾಶಂಗೆ ಕುರ್ಚಿಯಲ್ಲಿ ಕೂತು ಶಾಲು ಸರಿಮಾಡಿಕೊಂಡು ನಿರ್ದೇಶಕನಿಗೆ ಹೇಳಿದರು: “ನೋಡಪ್ಪ, ಈ ವಯಸ್ಸಲ್ಲಿ ಈ ಅಳು ನಂಗೆ ಒಂದೇ ಸಲ ಬರೋದು. ದೊಡ್ಡ ಶಾಟ್‌ನಲ್ಲೇ ತಗೊಂಡ್ಬಿಡು. ಆಮೇಲೆ ನೀನು ಹತ್ತಿರ ಬಂದಾಗ ಬರೀ ಕಣ್ಣೀರು ಸಿಗುತ್ತೆ, ಅಳು ಸಿಗಲ್ಲ.” ನಿರ್ದೇಶಕ ಆಗಲಿ ಎಂದ.

ಎಲ್ಲ ಸ್ತಬ್ಧ. ಸುದ್ದಿ ತಂದವನು ಸುದ್ದಿ ಹೇಳಿದ. ಮಾಶಂಗೆಯವರ ಗಂಟಲಿಂದ ಒಂದು ದನಿ ಹೊರಟಿತು, ಬಾವಿಯ ಆಳದಿಂದ ಬಂದ ಹಾಗೆ. ಒತ್ಸಿಲೆ ಬೆರಳು ಆಡಿಸಿದ. ಅವಶೋನಿ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಿಂದ ಹೊರಟಳು. ನಾನು ಅಭ್ಯಾಸಬಲದಿಂದ ಹೆಜ್ಜೆ ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು. ಒಂಬತ್ತಕ್ಕೆ ನಿಂತಳು.

ತಟ್ಟೆಯನ್ನು ನೆಲಕ್ಕಿಟ್ಟಳು. ಕಪ್ಪುಗಳು ಸದ್ದು ಮಾಡಲಿಲ್ಲ. ಕುರ್ಚಿಯ ಮಗ್ಗುಲಿಗೆ ಬಂದು ಮಂಡಿಯೂರಿದಳು, ಅಂಗೈ ಜೋಡಿಸಿದಳು, ಹಾಗೆಯೇ ನೆಲಕ್ಕೆ ಒರಗಿದಳು. ಅರೆಬರೆಯಲ್ಲ, ರಾಣಿಯ ಮುಂದೆ ಮಾಡುವಂಥ ಪೂರಾ ಲೋಶಾ. ಮುಗೀತು ಇವಳ ಕತೆ ಎಂದುಕೊಂಡೆ.

ಮಾಶಂಗೆಯವರ ಕಣ್ಣು ಕೆಳಗೆ ಹೋಯಿತು. ಅಳುತ್ತಿದ್ದವರು ತಡೆದರು. ಕೈ ಚಾಚಿ ಹುಡುಗಿಯ ತಲೆಯ ಮೇಲೆ ಇಟ್ಟರು. “ಏಳು ಮಗಳೇ,” ಎಂದರು, ಜುಲುವಿನಲ್ಲಿ, ಬರೆದ ಮಾತುಗಳಲ್ಲಿ ಎಲ್ಲೂ ಇಲ್ಲದ ಮಾತು. ಅದರ ಹಿಂದೆಯೇ ಬಂತು ನೋಡಿ ನಿಜವಾದ ಅಳು. ಅಲ್ಲಿಯ ತನಕ ಬಂದದ್ದು ಅಳುವೇ ಅಲ್ಲ ಅನ್ನಿಸಿತು ನನಗೆ. ದೀಪ ಹಿಡಿದಿದ್ದ ಗಂಡಸು ಮೂಗು ಒರೆಸಿಕೊಂಡ. ಯಾರೂ ‘ಕಟ್’ ಎನ್ನಲಿಲ್ಲ, ಎಷ್ಟೋ ಹೊತ್ತು.

‘ಕಟ್’ ಎಂದ ಮೇಲೆ ಮಾತ್ರ ರಂಪವಾಯಿತು. ನಿರ್ದೇಶಕ ಟೀವಿ ಪರದೆಗಳಿದ್ದ ತನ್ನ ಕೋಣೆಯಿಂದ ಓಡಿ ಬಂದ. “ಯಾರದು ಆ ಕೆಲಸದವಳು? ಅವಳನ್ನ ನೆಲದ ಮೇಲೆ ಯಾರು ಮಲಗಿಸಿದ್ದು? ಒತ್ಸಿಲೆ! ಇನ್ನೊಂದ್ ಸಲ ತೆಗೀತೀವಿ, ಆ ಹುಡುಗಿ ಇಲ್ದೆ.”

“ಇನ್ನೊಂದ್ ಸಲ ಇಲ್ಲ,” ಎಂದರು ಮಾಶಂಗೆ, ಶಾಲಿನ ತುದಿಯಿಂದ ಮುಖ ಒರೆಸುತ್ತಾ. “ಮೊದಲೇ ಹೇಳಿದ್ದೆ.”

“ಅಮ್ಮ, ಶಾಟ್ ಹಾಳಾಯ್ತು.”

“ಹಾಳಾಯ್ತಾ? ಹೋಗಿ ನೋಡ್ಕೊಂಡು ಬಂದು ಹೇಳು.”

ಹೋಗಿ ನೋಡಿದ. ಬಂದಾಗ ಮುಖದ ಬಣ್ಣ ಬೇರೆಯಾಗಿತ್ತು, ಆದರೆ ಸೋತೆ ಎನ್ನಲು ಬಾಯಿ ಬರಲಿಲ್ಲ. ಆಗ ಕಂಟಿನ್ಯುಟಿಯ ಹುಡುಗಿ ತನ್ನ ಫೋಟೋ ಹಿಡಿದು ಮೆಲ್ಲಗೆ ಹೇಳಿದಳು: “ಸಾರ್, ದೊಡ್ಡ ಶಾಟ್ ಇದೇ ಇಟ್ಕೊಂಡ್ರೆ ಉಳಿದ ಎಲ್ಲದರಲ್ಲೂ ಅವಳು ಹಾಗೇ ಮಲಗಬೇಕಾಗುತ್ತೆ. ತಟ್ಟೆನೂ ಅಲ್ಲೇ ಇರ್ಬೇಕು. ಇಲ್ದಿದ್ರೆ ಹೊಂದಲ್ಲ.”

ಅವತ್ತು ಮಧ್ಯಾಹ್ನವೆಲ್ಲ ಅವಶೋನಿ ಏಳು ಸಲ ಲೋಶಾ ಮಾಡಿದಳು, ನಿರ್ದೇಶಕನ ಅಪ್ಪಣೆಯ ಮೇರೆಗೆ. “ಆ ತಲೆ ಇನ್ನೂ ಸ್ವಲ್ಪ ಕೆಳಗಮ್ಮ, ಬೆಳಗ್ಗೆ ಇದ್ದ ಹಾಗೆ,” ಎಂದು ಅವನೇ ಹೇಳುವುದನ್ನು ಕೇಳಿ ನಾನು ಚಾಪೆಯ ಮೇಲೆ ನಗು ತಡೆದು ತಡೆದು ಹೊಟ್ಟೆ ಹಿಡಿದುಕೊಂಡೆ. ದುಃಖದ ಮನೆಯಲ್ಲಿ ಕೂತ ನೆರೆಯವಳು ನಾನು, ನಗುವ ಹಾಗಿರಲಿಲ್ಲ.

ಸಂಜೆ ಟೆಂಟಿನಲ್ಲಿ ಒತ್ಸಿಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಬೈಯಲಿಲ್ಲ. “ನಾಳೆಯಿಂದ ಆ ಮನೆಗೆ ನೀನು ಬರೋ ಹಾಗಿಲ್ಲ ತಂಗಿ. ಮಾಶಂಗೆ ನಿನ್ನ ಮಾತಾಡಿಸಿದ್ರು. ಇನ್ಮೇಲೆ ನೀನು ದಾಟಿದ್ರೆ, ಅವಳು ಯಾರು ಅಂತ ಜನ ಕೇಳ್ತಾರೆ. ಕೇಳಿದ್ರೆ ಹೇಳೋಕೆ ಕತೆ ಇರ್ಬೇಕು, ಕತೆ ಇಲ್ಲ. ಬೇರೆ ಕಡೆ ನಿಂಗೆ ಕೆಲಸ ಕೊಡಿಸ್ತೀನಿ.” ಅವಳು ಎದ್ದು ಅವನಿಗೂ ಮಂಡಿಯೂರಿದಳು. ಒತ್ಸಿಲೆ ತಲೆ ಕೆರೆದುಕೊಂಡು ಎದ್ದು ಹೋದ.

ಟ್ಯಾಕ್ಸಿಯಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. “ಎಂಥಾ ಕೆಲಸ ಕಳ್ಕೊಂಡೆ ಗೊತ್ತಾ? ನಾನು ಹನ್ನೊಂದು ವರ್ಷ ಕಾದೆ ಅದಕ್ಕೆ!”

“ಗೊತ್ತಿತ್ತು ಚಿಕ್ಕಮ್ಮ.”

“ಗೊತ್ತಿದ್ದೂ ಮಾಡಿದ್ಯಾ?”

“ಅದಕ್ಕೇ ದೊಡ್ಡ ಶಾಟ್‌ನಲ್ಲಿ ಮಾಡಿದೆ. ಬೇರೆ ದಿನ ಮಾಡಿದ್ರೆ ಇನ್ನೊಂದ್ ಸಲ ತೆಗೀತಿದ್ರು. ಚಿಕ್ಕ ಶಾಟ್‌ನಲ್ಲಿ ಮಾಡಿದ್ರೆ ಕತ್ತರಿಸಿ ಬಿಸಾಕ್ತಿದ್ರು. ಮಾಶಂಗೆಯವರು ಒಂದೇ ಸಲ ಅಂತ ಹೇಳಿದ್ದು ಕೇಳಿಸ್ತು. ಇವತ್ತು ಬಿಟ್ರೆ ಆಗಲ್ಲ ಅಂದ್ಕೊಂಡೆ.”

ನಾನು ಕಿಟಕಿಯ ಕಡೆ ತಿರುಗಿದೆ. ನಮ್ಮನ್ನು ಕಟ್ಟಿಹಾಕುವ ಅದೇ ನಿಯಮ ಹಿಡಿದು ಅವರನ್ನು ಕಟ್ಟಿಹಾಕಿದ್ದಳು, ಕಸುಬಿಗೆ ಬಂದು ಆರು ತಿಂಗಳಾದ ಹುಡುಗಿ. ಹತ್ತೊಂಬತ್ತು ವರ್ಷ ಆ ನಿಯಮದಿಂದ ನನಗೆ ದಕ್ಕಿದ್ದು ಕೆಂಪು ಮೂಗು ಮಾತ್ರ. ಅವತ್ತು ನನಗೆ ಅವಳ ಮೇಲೆ ಬಂದ ಗೌರವವನ್ನು ನಾನು ಬೇರೆ ಯಾರ ಮೇಲೂ ಇಟ್ಟಿಲ್ಲ.

ಧಾರಾವಾಹಿಯ ಆ ಕಂತು ಬರಲು ಆರು ವಾರ. ಅಷ್ಟರಲ್ಲಿ ಅವಳು ಬೇರೆ ಕಡೆ ನರ್ಸ್ ಆಗಿ ಓಡಾಡಿದಳು, ಮಾಲಿನಲ್ಲಿ ಖಾಲಿ ಚೀಲ ಹಿಡಿದು ನಡೆದಳು. ಜೋಡಿಸುವಾಗ ಆ ಜಾಗವನ್ನು ಕಿತ್ತು ಹಾಕಿದರೆ? ಇದನ್ನು ನಾವಿಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಅತ್ತೆ ಈಗ ಟೀವಿಯನ್ನೇ ನೋಡುತ್ತಾಳೋ ಇಲ್ಲವೋ ಎನ್ನುವುದನ್ನೂ ಹೇಳಲಿಲ್ಲ.

ಆಗಸ್ಟ್ ಕೊನೆಯ ಮಂಗಳವಾರ ಏಳೂವರೆಗೆ ನನ್ನ ಮಂಚದ ಮೇಲೆ ಇಬ್ಬರೂ ಕೂತೆವು. ಬಂತು. ಎರಡು ಉಸಿರಿನಷ್ಟು ಹೊತ್ತು. ತೆರೆಯ ಕೆಳಗಿನ ಅಂಚಿನಲ್ಲಿ ಒಂದು ತಲೆ, ಜೋಡಿಸಿದ ಅಂಗೈ, ಒಂದು ಮೊಣಕೈ, ಮೇಲೆ ಮಾಶಂಗೆಯವರ ಕೈ. ಆಮೇಲೆ ಅವರ ಮುಖವೇ ಮುಖ. ಆಮೇಲೆ ಸೋಪಿನ ಜಾಹೀರಾತು. ಅವಶೋನಿ ಮೊಬೈಲನ್ನು ಮಂಡಿಯ ಮೇಲಿಟ್ಟುಕೊಂಡಿದ್ದಳು. ಕಂತು ಮುಗಿಯಿತು, ಸುದ್ದಿ ಶುರುವಾಯಿತು, ಫೋನು ಬಡಿಯಲಿಲ್ಲ. ಅವಳು ಎದ್ದು ಪಾತ್ರೆ ತೊಳೆದಳು. ನನಗೆ ಮಸಿಂದಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಹಿರಿಯಳು ಎಂದೂ ನೋಡುತ್ತಿರಲಿಲ್ಲ.

ಮಾರನೇ ಬೆಳಗ್ಗೆ ಅವಳು ಬಕೆಟ್ಟಿಗೆ ನೀರು ಬಿಡುತ್ತಿದ್ದಾಗ ಫೋನು ಬಡಿಯಿತು.

“ಮೊಣಕೈ ಮೇಲಿತ್ತು,” ಎಂದಿತು ಆ ಗಂಟಲು, ಬೇರೆ ಮಾತಿಲ್ಲದೆ.

“ಏನತ್ತೆ?”

“ಒರಗಿದಾಗ ಮೊಣಕೈ ನೆಲ ಮುಟ್ಟಬೇಕು. ನಾನು ಹಂಗೆ ಕಲಿಸಿರ್ಲಿಲ್ಲ.”

“ಕುರ್ಚಿ ಕಾಲು ಅಡ್ಡ ಇತ್ತು.”

“ಹೂಂ.” ಆ ಕಡೆ ಕೋಳಿಗಳನ್ನು ಓಡಿಸಿದ ಸದ್ದು ಬಂತು. “ಆ ಹೆಂಗಸಿನ ಮನೇಲಿ ಸಾವಾಗಿದೆ. ನೀನು ಬರಿಗೈಲಿ ಹೋಗಿದ್ಯಲ್ಲ?”

“ಅತ್ತೆ, ಮಗ ಸತ್ತಿದ್ದು...”

“ಮಗ ಸತ್ತಿದ್ದು ಸುಳ್ಳು, ಗೊತ್ತು. ಅವಳು ಅತ್ತಿದ್ದು ಸುಳ್ಳಲ್ಲ. ಹೆಣ್ಣು ಹಂಗೆ ಅಳೋದನ್ನ ನೋಡಿ ರಾತ್ರಿ ಊಟ ಸೇರಲಿಲ್ಲ ನಂಗೆ. ಅಂಥ ಮನೆಗೆ ಬರಿಗೈಲಿ ಹೋಗ್ತಾರಾ? ನನ್ನ ಮನೆ ಮಗು ಹಂಗೆ ಹೋಯ್ತು ಅಂತ ಆಗ್ಬಾರ್ದು. ಮುಂದಿನ ಶುಕ್ರವಾರದ ಬಸ್ಸಿಗೆ ಬಾ. ಶನಿವಾರ ನೀರು ಹೊಯ್ಯೋದು. ವಾಪಸ್ ಹೋಗ್ತಾ ಹಿಟ್ಟು ತಗೊಂಡ್ ಹೋಗು, ಅವಳಿಗೆ.”

ಅವಶೋನಿ ನಲ್ಲಿ ನಿಲ್ಲಿಸುವುದನ್ನು ಮರೆತಿದ್ದಳು. ಬಕೆಟ್ ತುಂಬಿ ನೀರು ಅಂಗಳವೆಲ್ಲ ಹರಿಯಿತು. ನಾನು ನಿಲ್ಲಿಸಲು ಹೋಗಲಿಲ್ಲ, ನನ್ನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಹೋಗಿ ಬಂದಳು. ನೀರು ಹೊಯ್ಯುವಾಗ ದೊಡ್ಡಪ್ಪನ ಮಕ್ಕಳ ಹೆಸರುಗಳಾದ ಮೇಲೆ, ಹುಟ್ಟಿದ ಸರದಿಯಲ್ಲಿ ಎಲ್ಲಿ ಬರಬೇಕೋ ಅಲ್ಲೇ, ಅತ್ತೆ ಅವಳ ಹೆಸರು ಹೇಳಿದಳಂತೆ. ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಇಷ್ಟನ್ನು ಹುಡುಗಿ ನನಗೆ ಮೂರು ಸಲ ಹೇಳಿದಳು.

ಸೋಮವಾರ ಬೆಳಗ್ಗೆ ಸ್ಟುಡಿಯೋದ ಗೇಟಿನಲ್ಲಿ ಅವಳನ್ನು ಒಳಗೆ ಬಿಡಲಿಲ್ಲ, ಪಟ್ಟಿಯಲ್ಲಿ ಹೆಸರಿರಲಿಲ್ಲ. ತಲೆಯ ಮೇಲೆ ಹಿಟ್ಟಿನ ಚೀಲ, ಕೈಯಲ್ಲಿ ಒಣಗಿಸಿದ ಸೊಪ್ಪಿನ ಗಂಟು. ನಾನು ಒಳಗೆ ಹೋಗಿ ಹೆದರಿ ಹೆದರಿ ಮಾಶಂಗೆಯವರ ಬಾಗಿಲು ತಟ್ಟಿ ವಿಷಯ ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಅವರ ಜೊತೆ ನಾನಾಡಿದ ಮೊದಲ ಮಾತು ಅದು. ಅರ್ಧ ಮುಖಕ್ಕೆ ಬಣ್ಣ ಹಚ್ಚಿತ್ತು. ಹಾಗೆಯೇ ಎದ್ದು ಚಪ್ಪಲಿ ಎಳೆಯುತ್ತಾ ಗೇಟಿನ ತನಕ ಬಂದರು.

“ಅತ್ತೆ ಕಳಿಸಿದ್ದು,” ಎಂದಳು ಅವಶೋನಿ ಮಂಡಿಯೂರಿ. “ನಿಮ್ಮ ಮನೇಲಿ ಸಾವಾಯ್ತಲ್ಲ, ಅದಕ್ಕೆ.”

ಮಾಶಂಗೆ ಎರಡೂ ಕೈ ಚಾಚಿ ಚೀಲ ತೆಗೆದುಕೊಂಡರು. “ಫೋನ್ ಹಚ್ಚು ಅವ್ರಿಗೆ,” ಎಂದರು.

ಹಚ್ಚಿದಳು. ಆ ಕಡೆ ವೆಂಡಾ, ಈ ಕಡೆ ಜುಲು, ನಡುವೆ ಮಾತು ತಿರುಗಿಸಿ ಹೇಳುವ ಹುಡುಗಿ. ಮಸಿಂದಿ ಹೇಳಿದಳು: “ಸಮಾಧಾನ ಮಾಡ್ಕೋ ತಾಯಿ. ಇದ್ದೋನು ಒಬ್ಬನೇ ಅಂತೆ.”

ಮಾಶಂಗೆಯವರ ಬಣ್ಣ ಹಚ್ಚದ ಅರ್ಧ ಮುಖ ನನ್ನ ಕಡೆಗಿತ್ತು. “ಹೌದಕ್ಕ,” ಎಂದರು. “ಒಬ್ಬನೇ.”

“ಉಣ್ಣು. ಅಳೋರಿಗೆ ಹೊಟ್ಟೇಲಿ ಇರ್ಬೇಕು. ಸೊಪ್ಪನ್ನ ಮೊದಲು ನೆನೆಸು.”

“ನೆನೆಸ್ತೀನಿ ಅಕ್ಕ.”

ಫೋನು ಇಟ್ಟ ಮೇಲೆ ಅವರು ನಮ್ಮಿಬ್ಬರನ್ನೂ ನೋಡಿದರು. “ಟೀವೀಲಿ ಹನ್ನೊಂದು ಮಕ್ಕಳನ್ನ ಕಳ್ಕೊಂಡಿದೀನಿ ನಾನು. ಇಡೀ ದೇಶ ಕೂತು ನೋಡಿದೆ. ಒಂದು ಹಿಡಿ ಹಿಟ್ಟು ಯಾರೂ ತಂದಿರ್ಲಿಲ್ಲ.”

ಗೇಟಿನವನು ಚೀಲ ಹೊರಲು ಓಡಿ ಬಂದ. ಅವನಿಗೆ ಮುಟ್ಟಗೊಡದೆ ತಾವೇ ತಲೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಅವಶೋನಿಯ ಕೈ ಹಿಡಿದುಕೊಂಡು ಒಳಗೆ ನಡೆದರು.